ಹೈಸ್ಕೂಲ್ ಓಟಗಾರರ ನಿಜವಾದ ಸಾಮರ್ಥ್ಯ ಅಳೆಯಲು ಎಂಟು ಸೂತ್ರಗಳು

ತಾಲ್ಲೂಕು ಕ್ರೀಡಾಕೂಟದಲ್ಲಿ 3000 ಮೀಟರ್ ಓಟ ಮುಗಿದ ಐದೇ ನಿಮಿಷಕ್ಕೆ ತೀರ್ಪು ಹೊರಬಿದ್ದಿರುತ್ತದೆ. ಮೊದಲು ಬಂದವನು ‘ಒಳ್ಳೇ ಪ್ಲೇಯರ್’, ಆರನೆಯವನು ಲೆಕ್ಕಕ್ಕೇ ಇಲ್ಲ. ಆದರೆ ದೂರದ ಓಟ ತಡವಾಗಿ ಫಲ ಕೊಡುವ ಕ್ರೀಡೆ. ಹದಿನೈದನೇ ವಯಸ್ಸಿನ ಗೆಲುವು ಇಪ್ಪತ್ತೈದರ ಗೆಲುವಿಗೆ ಖಾತರಿಯಲ್ಲ, ಆಗಿನ ಸೋಲು ಮುಂದಿನದಕ್ಕೆ ಅಡ್ಡಿಯೂ ಅಲ್ಲ. ಮಗು ಎಷ್ಟು ಹೊತ್ತಿನಲ್ಲಿ ಓಡಿತು ಎಂಬುದಕ್ಕಿಂತ, ಆ ಸಮಯ ಹೇಗೆ ಬಂತು, ಇನ್ನೆಷ್ಟು ಇಳಿದೀತು ಎಂಬುದು ಮುಖ್ಯ. ಅದನ್ನು ಕಂಡುಕೊಳ್ಳಲು ದೈಹಿಕ ಶಿಕ್ಷಕರಿಗೆ ಒಂದು ಸ್ಟಾಪ್‌ವಾಚ್, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

1. ಸಮಯದ ಪಕ್ಕದಲ್ಲೇ ತರಬೇತಿಯ ಲೆಕ್ಕ ಬರೆಯಿರಿ

ಇಬ್ಬರು ಹುಡುಗರು 3000 ಮೀಟರನ್ನು ಸರಿಯಾಗಿ 10 ನಿಮಿಷಕ್ಕೆ ಮುಗಿಸಿದರು ಎನ್ನಿ. ಒಬ್ಬ ಎರಡು ವರ್ಷದಿಂದ ಕ್ರೀಡಾ ಹಾಸ್ಟೆಲ್‌ನಲ್ಲಿದ್ದು ವಾರಕ್ಕೆ 50 ಕಿ.ಮೀ. ಓಡುತ್ತಿದ್ದಾನೆ. ಇನ್ನೊಬ್ಬ ಕ್ರೀಡಾಕೂಟಕ್ಕೆ ಹದಿನೈದು ದಿನ ಇದ್ದಾಗ ಓಡಲು ಶುರುಮಾಡಿದವನು. ಫಲಿತಾಂಶ ಪಟ್ಟಿಯಲ್ಲಿ ಇಬ್ಬರೂ ಒಂದೇ, ಬೆಳೆಯುವ ಅವಕಾಶದಲ್ಲಿ ಅಲ್ಲ. ಎಷ್ಟು ತಿಂಗಳಿಂದ ಓಡುತ್ತಿದ್ದಾರೆ, ವಾರಕ್ಕೆ ಎಷ್ಟು ದಿನ, ಎಷ್ಟು ದೂರ ಎಂದು ಪ್ರತಿಯೊಬ್ಬರನ್ನೂ ಕೇಳಿ ಬರೆದಿಡಿ.

2. ಹುಟ್ಟಿದ ದಿನಾಂಕದ ಜೊತೆಗೆ ದೇಹದ ವಯಸ್ಸನ್ನೂ ನೋಡಿ

ಹುಡುಗರ ಎತ್ತರ ಸರ್ರನೆ ಏರುವುದು ಸುಮಾರು 14ರ ಹೊತ್ತಿಗೆ, ಹುಡುಗಿಯರದು ಸುಮಾರು 12ಕ್ಕೆ. ಆದರೆ ಎಲ್ಲರಿಗೂ ಒಂದೇ ಹೊತ್ತಿಗಲ್ಲ. ಒಂಬತ್ತನೇ ತರಗತಿಯ ಒಂದೇ ಬೆಂಚಿನಲ್ಲಿ ಮೀಸೆ ಚಿಗುರಿದವನೂ ಇನ್ನೂ ಹಾಲುಗಲ್ಲದವನೂ ಕೂತಿರುತ್ತಾರೆ. ಬೇಗ ಬೆಳೆದವನು ಈಗ ಗೆಲ್ಲುವುದು ಸಹಜ. ಅವನ ಹಿಂದೆಯೇ ಏಳೆಂಟು ಸೆಕೆಂಡ್ ಅಂತರದಲ್ಲಿ ಬರುವ ಚಿಕ್ಕ ಮೈಯವನ ಮೇಲೆ ವಿಶೇಷ ಗಮನವಿರಲಿ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕಿ. ಎತ್ತರ ವೇಗವಾಗಿ ಏರುವ ತಿಂಗಳುಗಳಲ್ಲಿ ಮೊಣಕಾಲು, ಹಿಮ್ಮಡಿ ನೋವು ಸಾಮಾನ್ಯ. ಆಗ ಓಟದ ಹೊರೆ ಇಳಿಸಿ.

3. ಪ್ರತಿ ಸುತ್ತಿನ ಸಮಯ ಹಿಡಿಯಿರಿ

400 ಮೀಟರ್ ಟ್ರ್ಯಾಕ್‌ನಲ್ಲಿ 3000 ಮೀಟರ್ ಅಂದರೆ ಏಳೂವರೆ ಸುತ್ತು. 10 ನಿಮಿಷದ ಅದೇ ಇಬ್ಬರನ್ನು ಹತ್ತಿರದಿಂದ ನೋಡೋಣ. ಮೊದಲನೆಯವನ ಸುತ್ತುಗಳು ಸೆಕೆಂಡ್‌ಗಳಲ್ಲಿ 82, 81, 81, 80, 80, 80, 78. ಕೊನೆಯ ಅರ್ಧ ಸುತ್ತು 38. ಎರಡನೆಯವನದು 68, 75, 80, 83, 85, 86, 84. ಕೊನೆಯ ಅರ್ಧ 39. ಮೊದಲನೆಯವನಿಗೆ ಓಟದ ಹದ ಗೊತ್ತು. ಎರಡನೆಯವನು ಶುರುವಿನಲ್ಲೇ ದಮ್ಮು ಖಾಲಿ ಮಾಡಿಕೊಂಡೂ ಅದೇ ಸಮಯಕ್ಕೆ ಬಂದಿದ್ದಾನೆ. ಹದ ಕಲಿಸಿದರೆ ಅವನ ಸಮಯ ಇನ್ನೂ ಇಳಿಯುತ್ತದೆ. ಮುಂದಿನ ಓಟದಲ್ಲಿ ಮೊದಲ ಸುತ್ತು 78ಕ್ಕೆ ಹೋಗಲು ಹೇಳಿ ನೋಡಿ. ಹೇಳಿದ್ದನ್ನು ಓಟದ ಬಿಸಿಯಲ್ಲೂ ಪಾಲಿಸಿದರೆ, ಕಲಿಯುವ ಗುಣವೂ ಅವನಲ್ಲಿದೆ ಎಂದಾಯಿತು.

4. ಕಡಿಮೆ ದೂರದ ವೇಗವನ್ನೂ ಅಳೆಯಿರಿ

ದೂರದ ಓಟಗಾರನಿಗೆ ವೇಗ ಬೇಡ ಎಂಬುದು ತಪ್ಪು ಕಲ್ಪನೆ. ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್‌ಗೆ ಇಳಿದದ್ದು 2013ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು, 18ರ ಹರೆಯದಲ್ಲೇ, ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 5000 ಮೀಟರ್ ಗೆದ್ದಿದ್ದರು. ವೇಗ ಮೊದಲು ಬಂತು, ದೂರ ಆಮೇಲೆ. ನಿಮ್ಮ 3000 ಮೀಟರ್ ಓಟಗಾರರಿಗೆ ತಿಂಗಳಿಗೊಮ್ಮೆ 400, 800 ಮೀಟರ್ ಓಡಿಸಿ ಸಮಯ ಬರೆಯಿರಿ. ನಗದು ಬಹುಮಾನದ ಆಸೆಗೆ ಹೈಸ್ಕೂಲ್ ಮಕ್ಕಳನ್ನು ಹಾಫ್ ಮ್ಯಾರಥಾನ್‌ಗೆ ನೂಕುವುದು ಬೇಡವೇ ಬೇಡ.

5. ಒಂದು ದಿನದ ಓಟ ನಂಬಬೇಡಿ, ಒಂದು ವರ್ಷದ ಗೆರೆ ನೋಡಿ

ಜ್ವರ, ನಿದ್ದೆಗೇಡು, ಮಧ್ಯಾಹ್ನದ ಬಿಸಿಲು, ಮಳೆಗೆ ಕೆಸರಾದ ಮೈದಾನ ಇವೆಲ್ಲ ಸಮಯವನ್ನು ಕೆಡಿಸುತ್ತವೆ. ಅದೇ ಮೈದಾನ, ಅದೇ ಬೆಳಗಿನ ಹೊತ್ತು, ಅದೇ ದೂರ ಇಟ್ಟುಕೊಂಡು ಆರೆಂಟು ವಾರಕ್ಕೊಮ್ಮೆ ಪರೀಕ್ಷೆ ಮಾಡಿ. ಒಂದೇ ತರಬೇತಿಗೆ ಎಲ್ಲರ ದೇಹವೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಮಿತವಾದ ತರಬೇತಿಯಲ್ಲೇ ಸಮಯ ಇಳಿಸುತ್ತಾ ಹೋಗುವವರು ನಿಮ್ಮ ನಿಜವಾದ ಭರವಸೆ. ಕಠಿಣ ತರಬೇತಿ ಕೊಟ್ಟೂ ಸಮಯ ನಿಂತಲ್ಲೇ ನಿಂತರೆ ಹೊರೆ ಹೆಚ್ಚಿಸಬೇಡಿ. ನಿದ್ದೆ, ಊಟ, ವಿಶ್ರಾಂತಿ ಹೇಗಿದೆ ಎಂದು ಮೊದಲು ವಿಚಾರಿಸಿ.

6. ರಕ್ತ ಪರೀಕ್ಷೆ ಆಗುವವರೆಗೆ ‘ದಮ್ಮಿಲ್ಲ’ ಎನ್ನಬೇಡಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ಶೇ 59.1, ಹುಡುಗರಲ್ಲಿ ಶೇ 31.1ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಸ್ನಾಯುಗಳಿಗೆ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದೇ ಕಡಿಮೆಯಿದ್ದರೆ ಎಂಥ ಪ್ರತಿಭೆಯೂ ನಾಲ್ಕನೇ ಸುತ್ತಿಗೆ ಸುಸ್ತಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ನಡೆಯಿರಿ. ಊಟದಲ್ಲಿ ಸೊಪ್ಪು, ಕಾಳು, ಮೊಟ್ಟೆ ಇರಲಿ. ಊಟವಾದ ತಕ್ಷಣ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಸರಿಯಾಗಿ ಹೀರಿಕೆಯಾಗುವುದಿಲ್ಲ ಎಂದು ಮನೆಯವರಿಗೂ ತಿಳಿಸಿ.

7. ಹುಡುಗಿಯರ ಓಟವನ್ನು ಹುಡುಗರ ಲೆಕ್ಕದಲ್ಲಿ ತೂಗಬೇಡಿ

ಹುಡುಗರು ಪ್ರಾಯಕ್ಕೆ ಬಂದಂತೆ ಸಾಮಾನ್ಯವಾಗಿ ವೇಗ ಹೆಚ್ಚುತ್ತದೆ. ಹುಡುಗಿಯರಲ್ಲಿ ಅದೇ ಹೊತ್ತಿಗೆ ಒಂದೆರಡು ವರ್ಷ ಸಮಯ ನಿಲ್ಲಬಹುದು, ಹಿಂದೆ ಸರಿಯಲೂಬಹುದು. ಅದು ಪ್ರತಿಭೆ ಮುಗಿಯಿತೆಂಬ ಸೂಚನೆಯಲ್ಲ, ಮೈ ಬದಲಾಗುವ ಕಾಲ. ಆಗ ತೂಕದ ಬಗ್ಗೆ ಒಂದು ಮಾತೂ ಬೇಡ. ಅಮೆರಿಕದ ಮೇರಿ ಕೇನ್ 17ನೇ ವಯಸ್ಸಿಗೇ, 2013ರಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಓಡಿದವರು. ತೂಕ ಇಳಿಸುವ ಒತ್ತಡದಲ್ಲಿ ಮುಟ್ಟು ನಿಂತು, ಮೂಳೆಗಳು ಮುರಿದ ಕಥೆಯನ್ನು 2019ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ಓಡುವ ಹುಡುಗಿಗೆ ಮೂರು ತಿಂಗಳು ಮುಟ್ಟಾಗದಿದ್ದರೆ ಅದು ಶ್ರಮದ ಹೆಗ್ಗುರುತಲ್ಲ, ವೈದ್ಯರ ಬಳಿ ಹೋಗಬೇಕಾದ ಲಕ್ಷಣ. ಈ ವಿಷಯ ಮುಕ್ತವಾಗಿ ಮಾತಾಡಲು ಶಾಲೆಯಲ್ಲಿ ಒಬ್ಬ ಮೇಡಂ ಜವಾಬ್ದಾರಿ ಹೊರಲಿ.

8. ನಾಲ್ಕರಿಂದ ಹತ್ತನೇ ಸ್ಥಾನದವರ ಹೆಸರು ಕಳೆಯಬೇಡಿ

ಜಿಮ್ ರೈನ್ ಎಂಬ ಅಮೆರಿಕದ ಹುಡುಗನನ್ನು ಹೈಸ್ಕೂಲಿಗೆ ಬರುವ ಮೊದಲು ಶಾಲಾ ತಂಡಕ್ಕೇ ಸೇರಿಸಿಕೊಂಡಿರಲಿಲ್ಲ. 1964ರಲ್ಲಿ ಆತ ಒಂದು ಮೈಲಿಯನ್ನು 3 ನಿಮಿಷ 59 ಸೆಕೆಂಡ್‌ಗೆ ಓಡಿ, ನಾಲ್ಕು ನಿಮಿಷದ ಒಳಗೆ ಮುಗಿಸಿದ ಮೊದಲ ಹೈಸ್ಕೂಲ್ ವಿದ್ಯಾರ್ಥಿಯಾದ. ಎರಡು ವರ್ಷಗಳ ಬಳಿಕ ಆ ದೂರದ ವಿಶ್ವದಾಖಲೆಯೇ ಅವನ ಹೆಸರಲ್ಲಿತ್ತು. ನಮ್ಮ ಅವಿನಾಶ್ ಸಾಬ್ಳೆಯೂ ಶಾಲಾ ಕ್ರೀಡಾಕೂಟಗಳಿಂದ ಎದ್ದು ಬಂದವರಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಂಡವಾ ಗ್ರಾಮದ ರೈತರ ಮಗ. ಹನ್ನೆರಡನೇ ತರಗತಿ ಮುಗಿಸಿ ಸೇನೆ ಸೇರಿ, ಸಿಯಾಚಿನ್‌ನಲ್ಲಿ ಕೆಲಸ ಮಾಡಿ, ಆಮೇಲೆ ಓಟಕ್ಕೆ ಬಂದವರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ 8 ನಿಮಿಷ 11.20 ಸೆಕೆಂಡ್‌ಗೆ ಬೆಳ್ಳಿ, ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

ಮೊದಲ ಮೂವರ ಹೆಸರು ಪ್ರಮಾಣಪತ್ರದಲ್ಲಿ ಇದ್ದೇ ಇರುತ್ತದೆ. ಉಳಿದವರ ಹೆಸರು ನಿಮ್ಮ ನೋಟ್‌ಬುಕ್‌ನಲ್ಲಿರಲಿ. ಅದರಲ್ಲೂ ಸೋತ ಮರುದಿನವೇ ಯಾರೂ ಕರೆಯದೆ ಮೈದಾನಕ್ಕೆ ಬಂದವರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಹತ್ತನೇ ತರಗತಿ ಮುಗಿಸಿ ಶಾಲೆ ಬಿಡುವಾಗ ಆ ಪುಟದ ನಕಲನ್ನು ಅವರ ಕೈಗೇ ಕೊಡಿ, ಪಿಯು ಕಾಲೇಜಿನ ದೈಹಿಕ ಶಿಕ್ಷಕರಿಗೂ ಒಂದು ಫೋನ್ ಮಾಡಿ. ಹಳ್ಳಿಯ ಎಷ್ಟೋ ಮಕ್ಕಳ ಓಟ ನಿಲ್ಲುವುದು ಸಾಮರ್ಥ್ಯ ಮುಗಿದಾಗಲ್ಲ, ಶಾಲೆ ಬದಲಾದಾಗ ಕೇಳುವವರು ಇಲ್ಲವಾದಾಗ. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.