ಹೊಸ ಹೋಂಸ್ಟೇಗೆ ಮೊದಲ ಅತಿಥಿ ಬರುವವರೆಗೆ

ತೋಟದ ಮನೆಯಲ್ಲಿ ಎರಡು ಕೋಣೆ ಖಾಲಿ ಇದ್ದವು. ಸುಣ್ಣಬಣ್ಣ ಮಾಡಿಸಿ, ಬಚ್ಚಲಿಗೆ ಟೈಲ್ಸ್ ಹಾಕಿಸಿ, ಹೊಸ ಹಾಸಿಗೆ ತರಿಸಿ, ಏರ್‌ಬಿಎನ್‌ಬಿಯಲ್ಲೋ ಬುಕಿಂಗ್ ಡಾಟ್ ಕಾಮ್‌ನಲ್ಲೋ ಮನೆಯ ವಿವರ ಹಾಕಿದ್ದಾಯಿತು. ವಾರ ಕಳೆಯಿತು, ಎರಡು ವಾರವೂ ಕಳೆಯಿತು. ಒಂದು ಬುಕಿಂಗೂ ಇಲ್ಲ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಹೊಸದಾಗಿ ಹೋಂಸ್ಟೇ ತೆರೆದವರಲ್ಲಿ ಬಹಳ ಮಂದಿ ಈ ಹಂತದಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ರೇಟು ಇಳಿಸಲಾ?’ ಈಗಲೇ ಬೇಡ. ಮೊದಲು, ಆ ಕಡೆ ಕೂತು ನಿಮ್ಮ ಲಿಸ್ಟಿಂಗ್ ನೋಡುತ್ತಿರುವವರು ಯಾರು, ಅವರ ತಲೆಯಲ್ಲಿ ಏನು ಓಡುತ್ತಿದೆ ಎಂದು ಯೋಚಿಸೋಣ.

ಬೆಂಗಳೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಎಂಟು ವರ್ಷದ ಮಗು, ಜೊತೆಗೆ ಮಂಡಿನೋವಿನ ಅಜ್ಜಿ. ಗುರುವಾರ ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಶನಿವಾರಕ್ಕೆ ಜಾಗ ಹುಡುಕುತ್ತಿದ್ದಾರೆ. ಇನ್ನೂರಿಪ್ಪತ್ತು ಕಿಲೋಮೀಟರ್ ಕಾರು ಓಡಿಸಿಕೊಂಡು ಬರಬೇಕು. ಬಂದ ಮೇಲೆ ಚೆನ್ನಾಗಿಲ್ಲ ಎಂದು ವಾಪಸು ಹೋಗುವಂತಿಲ್ಲ. ಗುರುತಿಲ್ಲದ ಊರಿನಿಂದ ಸಂಬಂಧ ಕೇಳಿ ಬಂದಾಗ ಹಿರಿಯರು ಹೇಗೆ ನಾಲ್ಕು ಕಡೆ ವಿಚಾರಿಸುತ್ತಾರೋ ಹಾಗೆ ಅವರೂ ವಿಚಾರಿಸುತ್ತಿದ್ದಾರೆ. ಅಜ್ಜಿಗೆ ಮೆಟ್ಟಿಲು ಹತ್ತಬೇಕೆ? ಬಚ್ಚಲು ಕೋಣೆಗೆ ಸೇರಿದಂತೆ ಇದೆಯೇ? ಸಣ್ಣ ಕಾರು ಅಂಗಳದವರೆಗೆ ಬರುತ್ತದೆಯೇ? ಹಳೆಯ ಹೋಂಸ್ಟೇಗಳಲ್ಲಿ ಈ ಪ್ರಶ್ನೆಗಳಿಗೆ ಹಿಂದಿನ ಅತಿಥಿಗಳ ರಿವ್ಯೂಗಳೇ ಉತ್ತರ ಹೇಳುತ್ತವೆ. ನಿಮ್ಮಲ್ಲಿ ಒಂದೂ ರಿವ್ಯೂ ಇಲ್ಲ. ಹಾಗಾಗಿ ಆ ಕೆಲಸವನ್ನೆಲ್ಲ ನಿಮ್ಮ ಚಿತ್ರ ಮತ್ತು ಬರಹವೇ ಮಾಡಬೇಕು. ಹೊಸ ಲಿಸ್ಟಿಂಗ್‌ಗೆ ಅತಿಥಿ ಬಾರದಿರಲು ಬಹುಪಾಲು ಕಾರಣ ಮನೆ ಚೆಂದವಿಲ್ಲದಿರುವುದಲ್ಲ, ಅನುಮಾನ ಹಾಗೇ ಉಳಿದುಬಿಡುವುದು. ಒಂದು ಅನುಮಾನ ಉಳಿದರೂ ಅವರ ಬೆರಳು ಮುಂದಿನ ಮನೆಗೆ ಜಾರುತ್ತದೆ.

ಫೋಟೋದಿಂದ ಶುರು ಮಾಡೋಣ, ಏಕೆಂದರೆ ಅರ್ಧಕ್ಕರ್ಧ ಅನುಮಾನ ಕಳೆಯುವುದು ಇಲ್ಲೇ. ಏರ್‌ಬಿಎನ್‌ಬಿ 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದಾಗ ಅದಕ್ಕೂ ಗಿರಾಕಿಗಳು ಬರುತ್ತಿರಲಿಲ್ಲ. 2009ರಲ್ಲಿ ಅದರ ಸಂಸ್ಥಾಪಕರು ನ್ಯೂಯಾರ್ಕ್‌ನ ಮನೆಗಳ ಲಿಸ್ಟಿಂಗ್ ನೋಡುತ್ತ ಕೂತಾಗ ಕಂಡದ್ದು ಮಸುಕು ಮಸುಕಾದ, ಮೊಬೈಲಿನಲ್ಲಿ ಆತುರಕ್ಕೆ ತೆಗೆದ ಚಿತ್ರಗಳು. ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬ್ಬಿಯಾ ಬಾಡಿಗೆಗೆ ಕ್ಯಾಮೆರಾ ತೆಗೆದುಕೊಂಡು ಅಲ್ಲಿಗೇ ಹೋಗಿ, ಮನೆ ಮನೆಯ ಬಾಗಿಲು ತಟ್ಟಿ, ತಾವೇ ಚಿತ್ರ ತೆಗೆದರು. ಆ ಊರಿನಿಂದ ಬರುವ ವರಮಾನ ಏರಿತು. ಮರುವರ್ಷ ವೃತ್ತಿಪರ ಛಾಯಾಗ್ರಾಹಕರನ್ನು ಮನೆಗಳಿಗೆ ಕಳಿಸುವ ವ್ಯವಸ್ಥೆಯನ್ನೇ ಕಂಪನಿ ಮಾಡಿತು. ಮನೆಗಳು ಬದಲಾಗಿರಲಿಲ್ಲ, ರೇಟೂ ಬದಲಾಗಿರಲಿಲ್ಲ. ನೋಡುವವರಿಗೆ ಮನೆ ಸರಿಯಾಗಿ ಕಂಡಿತು, ಅಷ್ಟೆ.

ನಿಮಗೆ ಈಗ ಬಾಡಿಗೆ ಕ್ಯಾಮೆರಾ ಬೇಕಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ಬೇಕಾದದ್ದು ಬೆಳಕು ಮತ್ತು ತಾಳ್ಮೆ. ಮಲೆನಾಡಿನ ಹೆಂಚಿನ ಮನೆಗಳ ಒಳಗೆ ಹಗಲಲ್ಲೂ ಮಬ್ಬು ಇರುತ್ತದೆ. ಬಿಸಿಲು ಕಿಟಕಿಗೆ ಬೀಳುವ ಹೊತ್ತು ಯಾವುದೆಂದು ಎರಡು ದಿನ ಗಮನಿಸಿ, ಆ ಹೊತ್ತಿಗೆ ಪರದೆ ಸರಿಸಿ, ಬಾಗಿಲು ತೆರೆದಿಟ್ಟು ತೆಗೆಯಿರಿ. ಫ್ಲ್ಯಾಶ್ ಬೇಡ. ಮೊಬೈಲನ್ನು ಅಡ್ಡಲಾಗಿ ಹಿಡಿದು, ಎದೆಯ ಮಟ್ಟದಲ್ಲಿಟ್ಟು, ಕೋಣೆಯ ಒಂದು ಮೂಲೆಗೆ ಬೆನ್ನು ಕೊಟ್ಟು ನಿಂತರೆ ಮಂಚ, ಕಿಟಕಿ, ಬಾಗಿಲು ಮೂರೂ ಒಂದೇ ಚಿತ್ರದಲ್ಲಿ ಬರುತ್ತವೆ. ನೋಡುವವರಿಗೆ ಕೋಣೆ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. ಚಿಕ್ಕ ಕೋಣೆಯನ್ನು ಅಗಲ ಲೆನ್ಸಿನಲ್ಲಿ ಹಿಗ್ಗಿಸಿ ತೋರಿಸಬೇಡಿ; ಬಂದವರು ಬಾಗಿಲಲ್ಲೇ ನಿರಾಶರಾಗುತ್ತಾರೆ, ಆ ನಿರಾಶೆ ರಿವ್ಯೂನಲ್ಲಿ ಅಕ್ಷರವಾಗುತ್ತದೆ.

ಹೊಸಬರು ಸಾಮಾನ್ಯವಾಗಿ ಬಿಟ್ಟುಬಿಡುವ ಎರಡು ಚಿತ್ರಗಳಿವೆ: ಬಚ್ಚಲು ಮತ್ತು ದಾರಿ. ತೋಟ, ಮಂಜು, ಜಲಪಾತ ಎಂದು ಹತ್ತು ಚಿತ್ರ ಹಾಕಿರುತ್ತಾರೆ, ಬಚ್ಚಲಿನದು ಒಂದೂ ಇರುವುದಿಲ್ಲ. ಹೆಣ್ಣುಮಕ್ಕಳು ಮೊದಲು ಹುಡುಕುವುದೇ ಅದನ್ನು. ಒಣಗಿದ ನೆಲ, ಒರೆಸಿದ ಕನ್ನಡಿ, ಗೀಸರ್, ಬಕೆಟ್, ಮಡಿಸಿಟ್ಟ ಟವೆಲ್ ಕಾಣುವಂತೆ ಒಂದು ಚಿತ್ರ ಹಾಕಿ. ಹಾಗೆಯೇ ಟಾರು ರಸ್ತೆ ಮುಗಿದು ಮಣ್ಣುರಸ್ತೆ ಶುರುವಾಗುವ ಕಡೆಯದೊಂದು ಚಿತ್ರ. ಅದು ಚೆಂದ ಕಾಣದೇ ಇರಬಹುದು. ಆದರೆ ಕಾರು ತರುವವರಿಗೆ ಹತ್ತು ಸೂರ್ಯಾಸ್ತಗಳಿಗಿಂತ ಅದೊಂದು ಹೆಚ್ಚು ಉಪಯೋಗದ್ದು.

ಜೋಡಿಸುವಾಗ ಮೊದಲ ಐದು ಚಿತ್ರಗಳ ಮೇಲೆ ಹೆಚ್ಚು ಗಮನವಿರಲಿ. ಮೊಬೈಲಿನಲ್ಲಿ ನೋಡುವವರು ಅಷ್ಟರಲ್ಲಿ ತೀರ್ಮಾನ ಮಾಡಿರುತ್ತಾರೆ. ಮನೆಯ ಹೊರನೋಟ, ಮಲಗುವ ಕೋಣೆ, ಬಚ್ಚಲು, ಜಗಲಿ ಅಥವಾ ಊಟದ ಜಾಗ, ಆಮೇಲೆ ನಿಮ್ಮ ತೋಟ. ಹತ್ತಿರದ ಪ್ರವಾಸಿ ತಾಣಗಳ ಚಿತ್ರವನ್ನು ಮುಂದೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಜಲಪಾತ ನಿಮ್ಮ ಅಂಗಳದಲ್ಲಿಲ್ಲ, ಪಕ್ಕದ ನಲವತ್ತು ಹೋಂಸ್ಟೇಗಳೂ ಅದೇ ಜಲಪಾತವನ್ನೇ ತೋರಿಸುತ್ತಿವೆ.

ಇನ್ನು ಶೀರ್ಷಿಕೆ. ಏರ್‌ಬಿಎನ್‌ಬಿಯಲ್ಲಿ ಅದಕ್ಕಿರುವುದು 50 ಅಕ್ಷರಗಳ ಜಾಗ. ‘ಪ್ರಕೃತಿಯ ಮಡಿಲಲ್ಲಿ ಸ್ವರ್ಗ’ ಎಂದು ಬರೆದರೆ ಜಾಗ ಸುಮ್ಮನೆ ಖರ್ಚಾಗುತ್ತದೆ, ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಕಾಫಿ ತೋಟದಲ್ಲಿ ಹೆಂಚಿನ ಮನೆ, ಮನೆಯೂಟ’ ಎಂದರೆ ಎಲ್ಲಿ, ಎಂಥ ಮನೆ, ಏನು ಸಿಗುತ್ತದೆ ಎಂಬ ಮೂರೂ ಗೊತ್ತಾಗುತ್ತವೆ.

ವಿವರಣೆ ಬರೆಯುವಾಗ ಗುಣವಾಚಕಗಳನ್ನು ಪಕ್ಕಕ್ಕಿಡಿ. ‘ರಮಣೀಯ’, ‘ಅದ್ಭುತ’ ಎಂಬ ಮಾತುಗಳು ಯಾವ ಪ್ರಶ್ನೆಗೂ ಉತ್ತರವಲ್ಲ. ಹೀಗೆ ಬರೆದು ನೋಡಿ: ‘ನಾವು ಇದೇ ಮನೆಯ ಮುಂಭಾಗದಲ್ಲಿ ಇರುತ್ತೇವೆ, ಅತಿಥಿಗಳ ಎರಡು ಕೋಣೆ ಹಿಂಭಾಗದಲ್ಲಿವೆ, ಬಾಗಿಲು ಬೇರೆ. ಎರಡೂ ಕೋಣೆ ನೆಲಮಟ್ಟದಲ್ಲಿವೆ, ಅಂಗಳದಿಂದ ಮೂರು ಮೆಟ್ಟಿಲು ಮಾತ್ರ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣುರಸ್ತೆ. ಬೇಸಿಗೆಯಲ್ಲಿ ಎಲ್ಲ ಕಾರೂ ಬರುತ್ತವೆ, ಜೋರು ಮಳೆಯಲ್ಲಿ ನಮ್ಮ ಜೀಪು ಮುಖ್ಯರಸ್ತೆಗೆ ಬಂದು ಕರೆದುಕೊಂಡು ಬರುತ್ತದೆ. ಜಗಲಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆ, ಕೋಣೆಯೊಳಗೆ ಸಿಗುವುದಿಲ್ಲ, ವೈಫೈ ಇದೆ. ಕರೆಂಟು ಹೋದರೆ ದೀಪ, ಫ್ಯಾನಿಗೆ ಯುಪಿಎಸ್ ಇದೆ, ಗೀಸರ್ ನಡೆಯುವುದಿಲ್ಲ. ಹಂಡೆಯಲ್ಲಿ ನೀರು ಕಾಯಿಸಿ ಕೊಡುತ್ತೇವೆ.’ ಇದರಲ್ಲಿ ಒಂದು ಹೊಗಳಿಕೆಯೂ ಇಲ್ಲ. ಆದರೆ ಓದಿ ಮುಗಿಸುವಷ್ಟರಲ್ಲಿ ಅಜ್ಜಿಯನ್ನು ಕರೆದುಕೊಂಡು ಬರುವವರಿಗೆ ಧೈರ್ಯ ಬಂದಿರುತ್ತದೆ.

ಕೊರತೆಗಳನ್ನು ಹೇಳಿದರೆ ಜನ ಬರುವುದಿಲ್ಲ ಎಂಬ ಭಯ ಹಲವರಿಗಿದೆ. ಬಾರದವರು ಬಾರದಿರುವುದೇ ಒಳ್ಳೆಯದು. ಮಳೆಗಾಲದಲ್ಲಿ ತೋಟದೊಳಗೆ ನಡೆದರೆ ಜಿಗಣೆ ಹತ್ತುತ್ತದೆ ಎಂದು ಮೊದಲೇ ಬರೆದು, ಉಪ್ಪು, ಗಂಬೂಟು ಇಟ್ಟಿದ್ದೇವೆ ಎಂದು ಸೇರಿಸಿ. ಹೇಳದೆ ಮುಚ್ಚಿಟ್ಟ ಜಿಗಣೆ ದೂರಿಗೆ ಕಾರಣ. ಹೇಳಿದ ಜಿಗಣೆ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಳ್ಳುವ ಕಥೆ.

ನಮ್ಮ ಕಡೆಯ ಅತಿಥಿಗಳು ತಪ್ಪದೆ ಕೇಳುವ ಇನ್ನೂ ಕೆಲವು ಸಂಗತಿಗಳಿವೆ. ಡ್ರೈವರ್ ಮಲಗಲು ಜಾಗವಿದೆಯೇ, ಅವರ ಊಟಕ್ಕೆ ಬೇರೆ ದುಡ್ಡೇ? ಸಸ್ಯಾಹಾರ ಬೇರೆ ಪಾತ್ರೆಯಲ್ಲಿ ಮಾಡುತ್ತೀರಾ? ಗೆಳೆಯರ ಗುಂಪು ಬರಬಹುದೇ? ನಾಯಿ ತರಬಹುದೇ? ರಾತ್ರಿ ಎಷ್ಟು ಹೊತ್ತಿನವರೆಗೆ ಹಾಡು ಹಾಕಬಹುದು, ಮದ್ಯಕ್ಕೆ ಅವಕಾಶವಿದೆಯೇ? ಇವಕ್ಕೆಲ್ಲ ಹೌದು ಎಂದೇ ಹೇಳಬೇಕಿಲ್ಲ. ಇದು ನಿಮ್ಮ ಮನೆ, ನಿಮ್ಮ ಮಕ್ಕಳೂ ಇಲ್ಲೇ ಮಲಗುತ್ತಾರೆ. ಹೌದೋ ಅಲ್ಲವೋ, ಸ್ಪಷ್ಟವಾಗಿ ಬರೆದಿರಲಿ.

ಊಟದ ಬಗ್ಗೆ ಮಾತ್ರ ಧಾರಾಳವಾಗಿ ಬರೆಯಿರಿ. ಇಷ್ಟು ದೊಡ್ಡ ಆಸ್ತಿ ನಿಮ್ಮ ಬಳಿ ಇದ್ದೂ ‘ವೆಜ್ ಮತ್ತು ನಾನ್‌ವೆಜ್ ಲಭ್ಯ’ ಎಂದು ನಾಲ್ಕು ಪದದಲ್ಲಿ ಮುಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೆಳಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಮಳೆಗಾಲದಲ್ಲಿ ಕಳಲೆ ಪಲ್ಯ, ಪತ್ರೊಡೆ, ಕೋಳಿ ಸಾರಿನ ಜೊತೆ ಕಡುಬು: ಹೆಸರು ಹೇಳಿ ಬರೆಯಿರಿ, ಚಿತ್ರ ಹಾಕಿ. ಹೋಟೆಲಿನಲ್ಲಿ ಸಿಗದ್ದು ಇದು. ಹೊತ್ತು ಹೊತ್ತಿನ ಊಟಕ್ಕೆ ತಲೆಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂಬುದೂ ಅಲ್ಲೇ ಇರಲಿ. ಹೊರಡುವಾಗ ಬಿಲ್ಲಿನಲ್ಲಿ ಹೊಸ ಅಂಕಿ ಕಂಡರೆ ಎಷ್ಟು ರುಚಿಯಾದ ಊಟವೂ ಕಹಿಯಾಗುತ್ತದೆ.

ಯಾವ ತಿಂಗಳು ಏನು ನೋಡಬಹುದು ಎಂದು ಬರೆಯುವವರು ಕಡಿಮೆ, ಆದರೆ ಖಾಲಿ ದಿನಗಳನ್ನು ತುಂಬುವ ದಾರಿ ಅದು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಎರಡು ಮೂರು ದಿನ ಇಡೀ ತೋಟ ಬೆಳ್ಳಗಾಗಿ ಘಮ್ಮೆನ್ನುತ್ತದೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯ ಮೇಲೆ ರೊಬಸ್ಟಾ. ಕಣದಲ್ಲಿ ಕಾಫಿ ಒಣಗುವುದನ್ನು ಪೇಟೆಯ ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಸಕಲೇಶಪುರದ ಹತ್ತಿರ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಇದೆ. ಬೇಲೂರು, ಹಳೇಬೀಡುಗಳು ಸೋಮನಾಥಪುರದ ಜೊತೆ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಅವನ್ನು ನೋಡಲೆಂದೇ ಹೊರಡುವವರಿದ್ದಾರೆ. ನಿಮ್ಮ ಮನೆಯಿಂದ ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂದು ಬರೆಯಿರಿ. ಘಟ್ಟದ ರಸ್ತೆಯಲ್ಲಿ ಕಿಲೋಮೀಟರಿಗಿಂತ ಗಂಟೆಯ ಲೆಕ್ಕವೇ ನಂಬಿಕೆಗೆ ಅರ್ಹ.

ಈಗ ರೇಟಿಗೆ ಬರೋಣ. ಏರ್‌ಬಿಎನ್‌ಬಿ ಹೊಸ ಲಿಸ್ಟಿಂಗ್‌ಗಳಿಗೆ ಮೊದಲ ಮೂರು ಬುಕಿಂಗ್‌ಗೆ ಶೇ 20ರಷ್ಟು ರಿಯಾಯಿತಿ ಇಡುವ ಅವಕಾಶ ಕೊಡುತ್ತದೆ. ಅದನ್ನು ಬಳಸಿಕೊಳ್ಳಿ. ಮೂಲ ರೇಟನ್ನೇ ಪಾತಾಳಕ್ಕಿಳಿಸುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಮೂರು ಬುಕಿಂಗ್ ಆದೊಡನೆ ರಿಯಾಯಿತಿ ತಾನಾಗಿ ನಿಲ್ಲುತ್ತದೆ. ಸುತ್ತಲಿನ, ನಿಮ್ಮಂಥದೇ ಮನೆಗಳ ವಾರದ ದಿನದ ರೇಟು, ಶನಿವಾರದ ರೇಟು ಎರಡನ್ನೂ ಬರೆದಿಟ್ಟುಕೊಂಡು ನಡುವಿನ ಒಂದು ಅಂಕಿ ಹಿಡಿಯಿರಿ. ತೀರಾ ಅಗ್ಗದ ರೇಟು ಕಂಡರೆ ‘ಏನೋ ಊನ ಇರಬೇಕು’ ಎಂಬ ಇನ್ನೊಂದು ಅನುಮಾನ ಹುಟ್ಟುತ್ತದೆ.

ಕ್ಯಾಲೆಂಡರನ್ನು ದಿನವೂ ನೋಡಿ. ಎರಡು ಮೂರು ಕಡೆ ಲಿಸ್ಟಿಂಗ್ ಇದ್ದರೆ ಒಂದರ ಕ್ಯಾಲೆಂಡರನ್ನು ಇನ್ನೊಂದಕ್ಕೆ ಜೋಡಿಸಿಡಿ. ಒಂದೇ ಕೋಣೆಗೆ ಎರಡು ಕುಟುಂಬ ಬಂದು ನಿಲ್ಲುವಂತಾಗಬಾರದು. ನೀವಾಗಿಯೇ ಬುಕಿಂಗ್ ರದ್ದು ಮಾಡುವುದು ಹೊಸ ಲಿಸ್ಟಿಂಗ್‌ಗೆ ಬೀಳುವ ಅತಿ ದೊಡ್ಡ ಪೆಟ್ಟು. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆಗುವುದುಂಟು. ಮಂಗಳೂರು ಕಡೆಯಿಂದ ಬರುವವರಿಗೆ ಅದನ್ನು ನೀವೇ ಮುಂಚಿತವಾಗಿ ತಿಳಿಸಿ, ಬೇರೆ ತಾರೀಕು ಕೊಡಿ. ಪ್ರಶ್ನೆ ಕೇಳಿದವರಿಗೆ ಅದೇ ಗಂಟೆಯಲ್ಲಿ ಉತ್ತರ ಹೋದರೆ ಅತ್ಯುತ್ತಮ. ತೋಟದಲ್ಲಿ ಸಿಗ್ನಲ್ ಇಲ್ಲವೆಂದರೆ ಮನೆಯಲ್ಲಿರುವ ಮತ್ತೊಬ್ಬರಿಗೆ ಆ ಜವಾಬ್ದಾರಿ ವಹಿಸಿ. ಏರ್‌ಬಿಎನ್‌ಬಿಯ ‘ಸೂಪರ್‌ಹೋಸ್ಟ್’ ಗುರುತಿಗೆ ವರ್ಷದಲ್ಲಿ ಕನಿಷ್ಠ 10 ವಾಸ್ತವ್ಯ, 4.8ರ ಸರಾಸರಿ ಅಂಕ, ಶೇ 90ರಷ್ಟು ಉತ್ತರ, ಶೇ 1ಕ್ಕಿಂತ ಕಡಿಮೆ ರದ್ದತಿ ಬೇಕು. ಮೊದಲ ದಿನದಿಂದಲೇ ಆ ಅಳತೆಯಲ್ಲಿ ನಡೆದುಕೊಂಡರೆ ಆ ಗುರುತು ದೂರವೇನಿಲ್ಲ.

ಮೊದಲ ಅತಿಥಿ ಬಂದು ಹೋದರು ಎನ್ನಿ. ಹೊರಡುವಾಗ ಬಾಯಿಬಿಟ್ಟು ಕೇಳಿ: ‘ನಿಮಗೆ ಹೇಗನ್ನಿಸಿತೋ ಹಾಗೇ ಬರೆಯಿರಿ, ನಮಗೆ ಅದರಿಂದ ಉಪಕಾರವಾಗುತ್ತದೆ.’ ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಏರ್‌ಬಿಎನ್‌ಬಿಯಲ್ಲಿ ರಿವ್ಯೂ ಬರೆಯಲು ಇಬ್ಬರಿಗೂ 14 ದಿನ ಸಮಯ. ಇಬ್ಬರೂ ಬರೆಯುವವರೆಗೆ ಅಥವಾ ಆ ಗಡುವು ಮುಗಿಯುವವರೆಗೆ ಯಾರು ಬರೆದದ್ದೂ ಕಾಣಿಸುವುದಿಲ್ಲ. ನೀವು ಅವರ ಬಗ್ಗೆ ಬೇಗ ಬರೆದರೆ ಅವರಿಗೂ ನೆನಪಾಗುತ್ತದೆ. ನೆಂಟರಿಂದ ಸುಳ್ಳು ರಿವ್ಯೂ ಬರೆಸಬೇಡಿ. ಅದು ನಿಯಮಕ್ಕೆ ವಿರುದ್ಧ, ಮೇಲಾಗಿ ನಂಬಿ ಬರುವವರಿಗೆ ಮಾಡುವ ಮೋಸ. ದೂರು ಬಂದರೆ ಜಗಳಕ್ಕಿಳಿಯದೆ, ಏನು ಸರಿಪಡಿಸಿದಿರಿ ಎಂದು ಎರಡು ಸಾಲು ಉತ್ತರ ಬರೆಯಿರಿ. ಅದನ್ನು ಓದುವುದು ದೂರಿದವರಿಗಿಂತ ಹೆಚ್ಚಾಗಿ ಮುಂದೆ ಬರುವವರು.

ಕಾಗದಪತ್ರಗಳನ್ನು ಕೊನೆಯಲ್ಲಿ ಹೇಳುತ್ತಿದ್ದರೂ ಮಾಡಬೇಕಾದದ್ದು ಮೊದಲು. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ವಿವರಣೆಯಲ್ಲಿ ಹಾಕಿ. ಅದೂ ಒಂದು ಅನುಮಾನ ಕಳೆಯುತ್ತದೆ. ಪ್ರತಿಯೊಬ್ಬ ಅತಿಥಿಯ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆಯಿರಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಲೇಬೇಕು.

ಇಷ್ಟಾದ ಮೇಲೆ, ನಿಮ್ಮ ಮನೆಯನ್ನು ಒಮ್ಮೆಯೂ ನೋಡದ ಪರಿಚಿತರೊಬ್ಬರಿಗೆ ಲಿಸ್ಟಿಂಗ್ ಕಳಿಸಿ. ಹೇಗಿದೆ ಎಂದು ಕೇಳಬೇಡಿ, ಚೆನ್ನಾಗಿದೆ ಎಂದುಬಿಡುತ್ತಾರೆ. ‘ಬರಬೇಕೆಂದರೆ ಇನ್ನೇನು ತಿಳಿಯಬೇಕು?’ ಎಂದು ಕೇಳಿ. ಅವರು ಕೇಳುವ ಪ್ರತಿ ಪ್ರಶ್ನೆಯ ಉತ್ತರವನ್ನೂ ಅವರಿಗೆ ಮಾತ್ರ ಹೇಳದೆ ವಿವರಣೆಯಲ್ಲಿ ಸೇರಿಸಿ. ಅದಾದ ನಂತರವೂ ಒಂದು ತಿಂಗಳು ಯಾರೂ ಬಾರದಿದ್ದರೆ, ಆಗ ರೇಟಿನ ಮಾತು ತೆಗೆಯಿರಿ.