ಯಂತ್ರ ಓದುವುದು ಬರೆದಿಟ್ಟದ್ದನ್ನು ಮಾತ್ರ

ಮಗಳೇ, ಮನೆಮಂದಿಯ ಫೋಟೊಗಳನ್ನೆಲ್ಲ ಒಂದೆಡೆ ಸೇರಿಸಿ ವರ್ಷವಾರು ಜೋಡಿಸಲು ಹೊರಟಿದ್ದೀಯ. ಒಳ್ಳೆಯ ಕೆಲಸ. ಸಾವಿರಾರು ಚಿತ್ರಗಳನ್ನು ಮೌಸಿನಿಂದ ಒಂದೊಂದಾಗಿ ಎಳೆದುಹಾಕುತ್ತ ಕೂತರೆ ಮುಗಿಯುವುದಿಲ್ಲ; ನೀನು ಆರಿಸಿಕೊಂಡ ಕಮಾಂಡ್ ಲೈನ್ ದಾರಿಯೇ ಸರಿ. ಆದರೆ ಅಲ್ಲಿ ಸರಿಯಾದ ಆದೇಶ ಎಷ್ಟು ಬೇಗ ನಡೆಯುತ್ತದೋ ತಪ್ಪು ಆದೇಶವೂ ಅಷ್ಟೇ ಬೇಗ ನಡೆದುಹೋಗುತ್ತದೆ. ಹಾಗಾಗಿ ಮೊದಲು ಎಲ್ಲವನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಎತ್ತಿಡು. ಮುಂದಿನ ಪ್ರಯೋಗವೆಲ್ಲ ಇನ್ನೊಂದು ಪ್ರತಿಯ ಮೇಲಿರಲಿ.

ಫೈಲಿನ ಹೆಸರನ್ನು ನಂಬಬೇಡ. ಎಷ್ಟೋ ಕ್ಯಾಮೆರಾಗಳ ಎಣಿಕೆ 9999 ಮುಟ್ಟಿ ಮತ್ತೆ 0001ಕ್ಕೆ ಬರುತ್ತದೆ. ಬೇರೆ ಬೇರೆ ಚಿತ್ರಗಳಿಗೆ ಒಂದೇ ಹೆಸರು ಬಿದ್ದಿರುತ್ತದೆ. ಫೋಲ್ಡರಿನಲ್ಲಿ ಕಾಣುವ ತಾರೀಖೂ ನಕಲು ಮಾಡುವಾಗ, ತಿದ್ದುವಾಗ ಬದಲಾಗಬಹುದು. ಚಿತ್ರ ತೆಗೆದ ಹೊತ್ತನ್ನು ಕ್ಯಾಮೆರಾ ಚಿತ್ರದೊಳಗೇ ಬರೆದಿಡುತ್ತದೆ; ಅದೇ ಎಕ್ಸಿಫ್ ಮಾಹಿತಿ. ಅದನ್ನು ಓದಲು ಫಿಲ್ ಹಾರ್ವೆ 2003ರಿಂದ ಬೆಳೆಸಿಕೊಂಡು ಬಂದ, ಉಚಿತವಾಗಿ ಸಿಗುವ ಎಕ್ಸಿಫ್‌ಟೂಲ್ ಇದೆ. ಆ ತಾರೀಖಿನ ಪ್ರಕಾರ ವರ್ಷ, ತಿಂಗಳ ಫೋಲ್ಡರುಗಳಿಗೆ ಹಂಚಲು ಒಂದು ಸಾಲು ಸಾಕು. ಹಂಚುವಾಗ ಹೆಸರನ್ನೂ ಬದಲಿಸುವುದಾದರೆ ಮೊದಲು ಅದರ ‘ಟೆಸ್ಟ್‌ನೇಮ್’ ಬಳಸು: ಏನನ್ನೂ ಮುಟ್ಟದೆ, ಯಾವ ಫೈಲಿಗೆ ಯಾವ ಹೆಸರು ಬರಲಿದೆಯೆಂದು ತೋರಿಸುತ್ತದೆ. ಆ ಪಟ್ಟಿಯನ್ನು ಕಣ್ಣಾರೆ ಓದು, ಆಮೇಲೆ ನಡೆಸು.

ಒಳಗಿನ ತಾರೀಖನ್ನೂ ಒರೆಗೆ ಹಚ್ಚಬೇಕು. ಅಮೆರಿಕದಿಂದ ಬಂದ ಚಿಕ್ಕಪ್ಪ ಕ್ಯಾಮೆರಾದ ಗಡಿಯಾರ ಬದಲಿಸದಿದ್ದರೆ ಬೆಳಗಿನ ಧಾರೆಯ ಚಿತ್ರ ಹಿಂದಿನ ರಾತ್ರಿಯ ಲೆಕ್ಕಕ್ಕೆ ಸೇರುತ್ತದೆ. ಅಂಥ ಚಿತ್ರಗಳನ್ನೆಲ್ಲ ಒಟ್ಟಿಗೇ ಇಷ್ಟು ಗಂಟೆ ಮುಂದೂಡಲು ಎಕ್ಸಿಫ್‌ಟೂಲಿಗೆ ಬರುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರದಲ್ಲಿ ಎಕ್ಸಿಫ್ ಅಳಿಸಿಹೋಗಿರುತ್ತದೆ. ಹಳೆಯ ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿದ್ದರಲ್ಲಿ ತಾರೀಖಿದ್ದರೂ ಅದು ಸ್ಕ್ಯಾನ್ ಮಾಡಿದ ದಿನದ್ದು. ಇವನ್ನು ಬೇರೆ ಫೋಲ್ಡರಿನಲ್ಲಿಟ್ಟು ವಿಚಾರಿಸಿಕೊಂಡು ಸರಿಪಡಿಸು.

ನಕಲು ಪ್ರತಿಗಳನ್ನು ಹುಡುಕುವ ಎಷ್ಟೋ ತಂತ್ರಾಂಶಗಳು ಅಕ್ಷರಶಃ ಒಂದೇ ಆಗಿರುವ ಫೈಲುಗಳನ್ನಷ್ಟೇ ಜೋಡಿ ಮಾಡುತ್ತವೆ. ಒಂದೇ ಚಿತ್ರದ ಮೂಲವೂ ವಾಟ್ಸಾಪಿನಲ್ಲಿ ಕುಗ್ಗಿ ಬಂದ ಪ್ರತಿಯೂ ಅಂಥವಕ್ಕೆ ಬೇರೆ ಬೇರೆಯೇ. ಅಳಿಸುವ ತೀರ್ಮಾನ ನಿನ್ನದಿರಲಿ, ಉಳಿಸಿಕೊಳ್ಳುವುದು ಮೂಲವನ್ನು.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ದಿನ ಕ್ಯಾಮೆರಾಕ್ಕೆ ಗೊತ್ತು. ಮದುವೆ ಚಪ್ಪರದ ಕೆಳಗೆ ನಿಂತ ಮುದುಕಿ ಯಾರು, ಆಕೆ ನಮಗೇನಾಗಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಬಲ್ಲವರು ಮನೆಯ ಹಿರಿಯರು. ಹೆಸರು, ಊರು, ಸಂಬಂಧವನ್ನು ಕೇಳಿ ತಿಳಿದು, ಎಕ್ಸಿಫ್‌ಟೂಲಿನಿಂದಲೇ ಚಿತ್ರದ ವಿವರಣೆಯಲ್ಲಿ ಬರೆ. ಎಕ್ಸ್‌ಎಂಪಿ ಎಂಬ ಮಾಹಿತಿ ವಿಭಾಗದ ವಿವರಣೆಯಲ್ಲಿ ಕನ್ನಡದಲ್ಲೇ ಬರೆಯಬಹುದು. ಫೋಲ್ಡರ್ ಬದಲಾದರೂ, ಕಂಪ್ಯೂಟರ್ ಬದಲಾದರೂ ಅದು ಚಿತ್ರದ ಜೊತೆಗೇ ಹೋಗುತ್ತದೆ. ಹೀಗೆ ಬರೆಯುವಾಗ ಬೇಡವೆಂದು ಹೇಳದ ಹೊರತು ಎಕ್ಸಿಫ್‌ಟೂಲ್ ಹಳೆಯ ಪ್ರತಿಯನ್ನೂ ಪಕ್ಕದಲ್ಲಿ ಉಳಿಸುತ್ತದೆ, ಹೆದರಬೇಡ.

ಫೋಲ್ಡರುಗಳ ಜೋಡಣೆ ಮುಂದಿನ ತಿಂಗಳಿಗೆ ಹೋದರೂ ನಷ್ಟವಿಲ್ಲ. ಅಜ್ಜಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ಕೆಲಸವನ್ನು ಮಾತ್ರ ಈ ಭಾನುವಾರವೇ ಶುರುಮಾಡು.