ದಿಗಿಲುಗೊಂಡವರಿಗೆ ಮನೆಯವರ ಆಸರೆ

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೊರಟ ಬಸ್ಸಿನಲ್ಲಿ ನನ್ನ ಆಪಾ ಇದ್ದಕ್ಕಿದ್ದಂತೆ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ಮುಖವೆಲ್ಲ ಬೆವರಿತ್ತು, ಕೈ ನಡುಗುತ್ತಿತ್ತು. “ಜೀವ ಹೋಗ್ತಾ ಇದೆ, ಬಸ್ ನಿಲ್ಲಿಸು” ಎಂದರು. ಇಳಿದು ರಸ್ತೆ ಬದಿಯ ಮರದ ನೆರಳಲ್ಲಿ ಕುಳಿತೆವು. ಅರ್ಧ ಗಂಟೆಯೊಳಗೆ ಎಲ್ಲವೂ ಸರಿಹೋಯಿತು. ಆಗ ನಾನಾಡಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ: “ಐದು ಹೊತ್ತು ನಮಾಝ್ ಮಾಡುವವರಿಗೆ ಇಷ್ಟು ಹೆದರಿಕೆಯೇ? ಈಮಾನ್ ಗಟ್ಟಿ ಮಾಡಿಕೊಳ್ಳಿ ಆಪಾ.”

ಆಪಾ ಏನೂ ಅನ್ನಲಿಲ್ಲ. ಆಮೇಲೆ ಎರಡು ವರ್ಷ ತಮ್ಮ ದಿಗಿಲಿನ ವಿಷಯವನ್ನು ಯಾರೊಡನೆಯೂ ಎತ್ತಲಿಲ್ಲ. ಬಸ್ ಹತ್ತುವುದನ್ನು ಬಿಟ್ಟರು, ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ಕೊನೆಗೆ ತವರಿಗೆ ಬರುವುದನ್ನೂ ಬಿಟ್ಟರು.

ಭಯವು ವಿಶ್ವಾಸದ ಕೊರತೆಯೆಂದು ನನಗೆ ಹೇಳಿಕೊಟ್ಟವರಾರು? ಮಾಂತ್ರಿಕರೆದುರು ಪ್ರವಾದಿ ಮೂಸಾ(ಅ)ರ ಮನದೊಳಗೆ ಭಯ ಮೂಡಿತೆಂದು ಪವಿತ್ರ ಕುರ್‌ಆನ್ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಪ್ರವಾದಿವರ್ಯರು(ಸ) ಸ್ವತಃ ಚಿಂತೆ ಮತ್ತು ದುಃಖದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಚಿಂತೆಯು ವಿಶ್ವಾಸಿಯ ಬಳಿ ಸುಳಿಯುವುದೇ ಇಲ್ಲವೆಂದಾಗಿದ್ದರೆ ಆ ಪ್ರಾರ್ಥನೆಯ ಅಗತ್ಯವೇನಿತ್ತು?

ಅಪಾಯ ಎದುರಾದಾಗ ದೇಹವನ್ನು ಸಜ್ಜುಗೊಳಿಸುವ ಏರ್ಪಾಡನ್ನು ಅಲ್ಲಾಹನು ನಮ್ಮೊಳಗೇ ಇಟ್ಟಿದ್ದಾನೆ. ಹೊಲದಲ್ಲಿ ಹಾವು ಕಂಡರೆ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ಎದೆ ಡವಗುಟ್ಟುತ್ತದೆ, ಉಸಿರು ಬಿರುಸಾಗುತ್ತದೆ. ಪ್ಯಾನಿಕ್ ಅಟ್ಯಾಕ್ ಎಂದು ವೈದ್ಯರು ಕರೆಯುವ ಸ್ಥಿತಿಯಲ್ಲಿ ಹಾವು ಇರುವುದಿಲ್ಲ, ಉಳಿದುದೆಲ್ಲವೂ ಇರುತ್ತದೆ. ಬಿರುಸಾದ ಉಸಿರಾಟದಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು, ತುಟಿಗಳು ಜೋಮು ಹಿಡಿಯುತ್ತವೆ, ತಲೆ ಸುತ್ತುತ್ತದೆ. ಸಾಮಾನ್ಯವಾಗಿ 10 ನಿಮಿಷಗಳೊಳಗೆ ಇದು ತುದಿ ಮುಟ್ಟಿ, ಬಳಿಕ ಇಳಿಯತೊಡಗುತ್ತದೆ. ಇದು ನಟನೆಯಲ್ಲ. ಆದರೆ ಮೊದಲ ಸಲ ಹೀಗಾದಾಗ ಮನೆಯವರೇ ತೀರ್ಮಾನ ಹೇಳಿಬಿಡಬಾರದು. ಹೃದ್ರೋಗ, ಥೈರಾಯ್ಡ್ ದೋಷ, ರಕ್ತಹೀನತೆಗಳಲ್ಲೂ ಇಂತಹ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಎದೆನೋವಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹೆದರಿದವರ ಬಳಿ ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಹಝ್ರತ್ ಖದೀಜಾ(ರ)ರಿಗಿಂತ ದೊಡ್ಡ ಗುರು ನಮಗೆ ಬೇಕಿಲ್ಲ. ಹಿರಾ ಗುಹೆಯಲ್ಲಿ ನಡೆದುದು ದಿವ್ಯವಾಣಿಯ ಅವತರಣ. ಅದನ್ನು ಯಾವ ಕಾಯಿಲೆಯೊಂದಿಗೂ ಹೋಲಿಸುವಂತಿಲ್ಲ. ಪಾಠವಿರುವುದು ಆ ಮಹಾತಾಯಿಯ ವರ್ತನೆಯಲ್ಲಿ. ಪ್ರವಾದಿವರ್ಯರು(ಸ) ನಡುಗುತ್ತಾ ಮನೆಗೆ ಬಂದು ಹೊದಿಸುವಂತೆ ಹೇಳಿದಾಗ ಮೊದಲು ಹೊದಿಸಲಾಯಿತು. ಭಯ ಇಳಿದ ಬಳಿಕವೇ ಮಾತು ಬಂತು. ಅವರು ತಮ್ಮ ಆತಂಕವನ್ನು ಹೇಳಿಕೊಂಡರು, ಖದೀಜಾ(ರ) ಆಲಿಸಿದರು. ಆಮೇಲೆ ಅಲ್ಲಾಹನು ತಮ್ಮನ್ನು ಎಂದೂ ಕೈಬಿಡಲಾರನೆಂದು ಧೈರ್ಯ ತುಂಬಿ, ಅವರು ಬಂಧುಗಳಿಗೆ, ಬಡವರಿಗೆ, ಅತಿಥಿಗಳಿಗೆ ಮಾಡುತ್ತಿದ್ದ ಉಪಕಾರಗಳನ್ನು ಒಂದೊಂದಾಗಿ ನೆನಪಿಸಿದರು. ಅಷ್ಟಕ್ಕೇ ಬಿಡದೆ, ತಿಳಿದವರಾದ ವರಕಾ ಬಿನ್ ನೌಫಲ್‌ರ ಬಳಿಗೆ ತಾವೇ ಜೊತೆಯಲ್ಲಿ ಕರೆದೊಯ್ದರು. ನಾನು ಮರದಡಿಯಲ್ಲಿ ಮಾಡಿದ್ದು ಇದಕ್ಕೆ ತೀರಾ ವಿರುದ್ಧವಾದುದನ್ನು.

ದಿಗಿಲು ಬಂದ ಹೊತ್ತಿನಲ್ಲಿ ಉಪದೇಶ ಕಿವಿಗೆ ಇಳಿಯುವುದಿಲ್ಲ. ನೆರೆಹೊರೆಯವರೆಲ್ಲ ಸುತ್ತ ಸೇರುವುದನ್ನು ಮೊದಲು ತಡೆಯಿರಿ. ಪಕ್ಕದಲ್ಲಿ ಕುಳಿತು, ಅವರು ಒಪ್ಪಿದರೆ ಕೈ ಹಿಡಿದು, “ನಾನು ಇಲ್ಲೇ ಇದ್ದೇನೆ, ಇದು ಇಳಿಯುತ್ತದೆ” ಎಂಬ ಒಂದೆರಡು ಮಾತು ಸಾಕು. ಮೂಗಿನಿಂದ ಉಸಿರೆಳೆದು ಬಾಯಿಯಿಂದ ಬಹಳ ನಿಧಾನವಾಗಿ ಬಿಡುವುದನ್ನು ನೀವೂ ಅವರ ಜೊತೆಗೆ ಮಾಡಿರಿ. ದಿಕ್ರ್ ಮಾಡುವುದಿದ್ದರೆ ಅದೂ ಮೆಲುದನಿಯಲ್ಲಿರಲಿ. ಮೂಗಿಗೆ ಈರುಳ್ಳಿ ಹಿಡಿಯುವುದು, ಮುಖಕ್ಕೆ ನೀರೆರಚುವುದು ಬೇಡ.

ಪ್ರೀತಿಯಿಂದಲೇ ಆಗುವ ತಪ್ಪೊಂದಿದೆ. ಆಪಾರಿಗೆ ಹೆದರಿಕೆಯೆಂದು ಮನೆಯವರು ಸಂತೆಗೆ, ಶಾಲೆಗೆ, ಬಂಧುಗಳಲ್ಲಿಗೆ ತಾವೇ ಹೋಗತೊಡಗಿದರು. ತಪ್ಪಿಸಿಕೊಂಡಷ್ಟೂ ಭಯ ಬೇರೂರುತ್ತದೆ. ಒತ್ತಾಯ ಬೇಡ, ಆದರೆ ಹೆಜ್ಜೆ ಹೆಜ್ಜೆಯಾಗಿ ಹೊರಗೆ ತರಬೇಕು: ಇಂದು ಬಸ್ ನಿಲ್ದಾಣದವರೆಗೆ, ಮುಂದಿನ ವಾರ ಒಂದು ಸ್ಟಾಪ್. ಮಸೀದಿಯ ಇಕ್ಕಟ್ಟಿಗೆ ಹೆದರುವ ಮಗನಿಗೆ ಬಾಗಿಲ ಬಳಿಯ ಕೊನೆಯ ಸಾಲಿನಲ್ಲಿ ಜಾಗ ಬಿಡಿ, ಮುಂದೆ ಬರಲಿಲ್ಲವೆಂದು ಗದರಬೇಡಿ.

ಕುರ್‌ಆನ್ ಪಾರಾಯಣದಿಂದ, ದುಆದಿಂದ ಮನಸ್ಸಿಗೆ ಶಾಂತಿ ಸಿಗುತ್ತದೆ, ಅದನ್ನು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಜಿನ್ನ್ ಹಿಡಿದಿದೆಯೆಂದು ತಾಯಿತಕ್ಕಾಗಿ ಊರೂರು ಅಲೆದು ಹಣವನ್ನೂ ವರ್ಷಗಳನ್ನೂ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಚಿಕಿತ್ಸೆ ಪಡೆಯಿರಿ, ಅಲ್ಲಾಹನು ರೋಗದ ಜೊತೆಗೆ ಔಷಧಿಯನ್ನೂ ಇಳಿಸಿದ್ದಾನೆಂದು ಕಲಿಸಿದವರು ನಮ್ಮ ಪ್ರವಾದಿ(ಸ)ಯವರೇ.

ಅದಕ್ಕಾಗಿ ಬೆಂಗಳೂರಿಗೇ ಓಡಬೇಕಾಗಿಲ್ಲ. ಈಗ ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಅದೇ ಜಿಲ್ಲೆಯನ್ನು ಆರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳ ಚಿಕಿತ್ಸೆಯಲ್ಲಿ ತರಬೇತಿ ನೀಡಿತು. ‘ಬಳ್ಳಾರಿ ಮಾದರಿ’ಯೆಂದು ಹೆಸರಾದ ಇದರ ಆಧಾರದಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ ಇತರೆಡೆಗಳಲ್ಲಿ ಆರಂಭವಾಯಿತು. ದೇಶಕ್ಕೆ ದಾರಿ ತೋರಿದ ನೆಲದವರು ನಾವು, ಆದರೂ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಕೇಳಲು ನಾಚುತ್ತೇವೆ! ಹೋಗಲು ಹಿಂಜರಿಯುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಸಮಾಲೋಚನೆಯಿಂದಲೇ ಹಲವರು ಗುಣಮುಖರಾಗುತ್ತಾರೆ. ಮಾತ್ರೆ ಕೊಟ್ಟರೆ ಅದರ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ನಾಲ್ಕು ದಿನಕ್ಕೆ ಬೇಸತ್ತು ಬಿಡಬಾರದು, ಹಿತವೆನಿಸಿತೆಂದು ಹಠಾತ್ತನೆ ನಿಲ್ಲಿಸಲೂಬಾರದು. ಮೆಡಿಕಲ್ ಶಾಪಿನಿಂದ ನಿದ್ರೆ ಮಾತ್ರೆ ತಂದು ನುಂಗುವ ಚಾಳಿಯಂತೂ ಬೇಡವೇ ಬೇಡ.

ಆಪಾರನ್ನು ವೈದ್ಯರ ಬಳಿಗೆ ಕರೆದೊಯ್ದ ದಿನ ನಾನು ಕ್ಷಮೆ ಕೇಳಿದೆ. “ನೀನು ಬೈದದ್ದು ನೆನಪಿಲ್ಲ ಬಿಡು” ಎಂದರು. ನೆನಪಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಕಳೆದ ಈದ್‌ಗೆ ಅವರು ಬಸ್ಸಿನಲ್ಲೇ ಕೊಟ್ಟೂರಿಗೆ ಬಂದರು, ಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತು, ಮಗಳ ಕೈ ಹಿಡಿದುಕೊಂಡು. ದಾರಿಯಲ್ಲಿ ಒಮ್ಮೆ ಎದೆ ಡವಗುಟ್ಟಿತಂತೆ. ಇಳಿಯಲಿಲ್ಲ.